ಕೆಂಪಾದ ವಾಲ್ವ್, ಒಂದು ಓಮ್ ರೆಸಿಸ್ಟರ್: ಗಿಟಾರ್ ಆಂಪ್‌ಗೆ ಬಯಾಸ್ ಪ್ರೋಬ್ ಕೊಳ್ಳಬೇಕೇ?

ಮನೆಯಲ್ಲಿ ಕಟ್ಟಿದ ಗಿಟಾರ್ ಆಂಪ್‌ನ ಪವರ್ ವಾಲ್ವ್ (ಸ್ಪೀಕರಿಗೆ ಶಕ್ತಿ ಕೊಡುವ ಗಾಜಿನ ನಿರ್ವಾತ ಕೊಳವೆ) ಅತಿಯಾಗಿ ಕಾಯುತ್ತಿದೆ ಅನ್ನಿಸಿದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಬಯಾಸ್ ಪ್ರೋಬ್. ಬಯಾಸ್ ಅಂದರೆ ಸಿಗ್ನಲ್ ಇಲ್ಲದಾಗ ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕು ಎಂಬ ಹೊಂದಾಣಿಕೆ. ವಾಲ್ವ್ ಕಿತ್ತು, ಆ ಸಾಕೆಟ್ಟಿಗೆ ಪ್ರೋಬ್ ಚುಚ್ಚಿ, ಪ್ರೋಬ್ ಮೇಲೆ ವಾಲ್ವ್ ಕೂರಿಸಿದರೆ ಅದು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮಲ್ಟಿಮೀಟರ್‌ನಲ್ಲಿ ಓದಬಹುದು. ಇಲ್ಲಿ ಪರೀಕ್ಷೆಗೆ ಇಟ್ಟಿರುವುದು ಆನ್‌ಲೈನ್‌ನಲ್ಲಿ ಹಲವು ಹೆಸರುಗಳಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದೆ ಸಿಗುವ ಸರಳ ಮಾದರಿ. ಎಂಟು ಪಿನ್ನಿನ ಆಕ್ಟಲ್ ಪ್ರೋಬ್ ಎರಡು. ಪ್ರತಿಯೊಂದರಲ್ಲೂ 8ನೇ ಪಿನ್ನಿಗೆ, ಅಂದರೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡಿಗೆ, ಸೀರೀಸ್‌ನಲ್ಲಿ 1 ಓಮ್ ರೆಸಿಸ್ಟರ್. ಅದರ ಎರಡು ತುದಿಯಿಂದ ಎರಡು ವೈರ್, 3ನೇ ಪಿನ್ನಿನಿಂದ, ಅಂದರೆ ಆ ಎಲೆಕ್ಟ್ರಾನ್ ಹೋಗಿ ಸೇರುವ ಪ್ಲೇಟಿನಿಂದ, ಅದರ ವೋಲ್ಟೇಜ್ ಅಳೆಯಲು ಮೂರನೆಯ ಕೆಂಪು ವೈರ್. ಒಂದು ಓಮ್ ಆದ್ದರಿಂದ ಲೆಕ್ಕ ಸುಲಭ: ಮೀಟರ್‌ನಲ್ಲಿ 40 ಮಿಲಿವೋಲ್ಟ್ ಕಂಡರೆ 40 ಮಿಲಿಆಂಪ್.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಎರಡು ವಾಲ್ವ್‌ಗಳಲ್ಲಿ ಯಾವುದು ಹೆಚ್ಚು ಕರೆಂಟ್ ತಿನ್ನುತ್ತಿದೆ ಎಂದು ಹೇಳುವುದರಲ್ಲಿ ಈ ಪ್ರೋಬ್‌ಗೆ ಸಾಟಿಯಿಲ್ಲ. ಯಾಕೆ ತಿನ್ನುತ್ತಿದೆ ಎಂದು ಅದು ಹೇಳುವುದಿಲ್ಲ. ಆ ಉತ್ತರ ಬಹುಪಾಲು 5ನೇ ಪಿನ್ನಿನಲ್ಲಿ, ಅಂದರೆ ಕರೆಂಟಿಗೆ ಕಡಿವಾಣ ಹಾಕುವ ಗ್ರಿಡ್‌ನಲ್ಲಿ ಇರುತ್ತದೆ. ಅಲ್ಲಿಗೆ ಈ ಪ್ರೋಬ್‌ನಿಂದ ಯಾವ ವೈರೂ ಹೊರಬಂದಿಲ್ಲ. ಇದೊಂದನ್ನೇ ನಂಬಿ ಕೂತವರು ವಾಲ್ವ್ ಮೇಲೆ ವಾಲ್ವ್ ಬದಲಿಸಿ ದುಡ್ಡು ಕಳೆಯುತ್ತಾರೆ.

ಪರೀಕ್ಷೆಗೆ ಆರಿಸಿಕೊಂಡದ್ದು ಮನೆಯಲ್ಲಿ ಕಟ್ಟುವವರ ಅಚ್ಚುಮೆಚ್ಚಿನ 5ಇ3 ಸರ್ಕ್ಯೂಟ್. ಫೆಂಡರ್ ಕಂಪನಿ 1955ರಿಂದ 1960ರವರೆಗೆ ಡಿಲಕ್ಸ್ ಆಂಪ್‌ನಲ್ಲಿ ಬಳಸಿದ ನಕ್ಷೆ ಇದು. ಎರಡು 6ವಿ6ಜಿಟಿ ಪವರ್ ವಾಲ್ವ್, ಒಂದು 12ಎವೈ7, ಒಂದು 12ಎಎಕ್ಸ್7, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಆಗಿ 5ವೈ3. ಎರಡು 6ವಿ6ಗಳ ಕ್ಯಾಥೋಡೂ ಸೇರಿ ಒಂದೇ 250 ಓಮ್ 5 ವ್ಯಾಟ್ ರೆಸಿಸ್ಟರ್ ಮೂಲಕ ನೆಲಕ್ಕೆ ಇಳಿಯುತ್ತವೆ, ಅದರ ಪಕ್ಕದಲ್ಲಿ 25 ಮೈಕ್ರೋಫ್ಯಾರಡ್ ಕೆಪಾಸಿಟರ್. ಬಯಾಸ್ ಹೊಂದಿಸಲು ತಿರುಗಿಸುವ ಪಾಟ್ (ಪೊಟೆನ್ಶಿಯೊಮೀಟರ್) ಇಲ್ಲ. ವಾಲ್ವ್‌ಗಳು ತಮ್ಮ ಬಯಾಸನ್ನು ತಾವೇ ಮಾಡಿಕೊಳ್ಳುತ್ತವೆ, ಹಾಗಾಗಿ ಏನೂ ಕೆಡುವುದಿಲ್ಲ ಎಂಬ ನಂಬಿಕೆ ಕಟ್ಟುವವರಲ್ಲಿದೆ. ಅದು ತಪ್ಪು.

ಪ್ರೋಬ್ ಚುಚ್ಚುವ ಮೊದಲು ಕಣ್ಣಿಂದ ನೋಡಬೇಕಾದ್ದು ಬಹಳ ಇದೆ. ಕೋಣೆಯ ದೀಪ ಆರಿಸಿ. ಮಧ್ಯದ ಸಂದಿಯಲ್ಲಿ, ಮೇಲಿನ ಮೈಕಾ ಬಿಲ್ಲೆಯ ಹತ್ತಿರ ಕಾಣುವ ಕಿತ್ತಳೆ ಬೆಳಕು ಹೀಟರ್‌ನದು, ಅದು ಇರಲೇಬೇಕು. ಗಾಜಿನ ಒಳಮೈಗೆ ಅಂಟಿಕೊಂಡಂತೆ ಕಾಣುವ ತಿಳಿ ನೀಲಿ ಕೂಡ ಸಹಜ. ಭಯಪಡಬೇಕಾದದ್ದು ಬೂದು ಬಣ್ಣದ ಹೊರ ತಗಡು, ಅಂದರೆ ಪ್ಲೇಟ್, ಕೆಂಪಾದಾಗ. ಅದು ಒಮ್ಮೆಲೇ ಪೂರ್ತಿ ಕೆಂಪಾಗುವುದಿಲ್ಲ. ತಗಡಿನ ಅಗಲದ ಮಧ್ಯದಲ್ಲಿ, ಉದ್ದಕ್ಕೆ, ಅಗರಬತ್ತಿ ತುದಿಯಷ್ಟು ಮಂಕಾದ ಕೆಂಪು ಮೊದಲು ಮೂಡುತ್ತದೆ. ಬೆಳಕಿದ್ದರೆ ಅದು ಕಾಣುವುದೇ ಇಲ್ಲ. ಆ ಹಂತದಲ್ಲೇ ಸ್ವಿಚ್ ಆರಿಸಿದರೆ ವಾಲ್ವ್ ಸಾಮಾನ್ಯವಾಗಿ ಉಳಿಯುತ್ತದೆ. ಒಳಗೆಲ್ಲ ನೇರಳೆ ಮಬ್ಬು ತುಂಬಿದ್ದರೆ ವಾಲ್ವ್ ಗ್ಯಾಸ್ ಆಗಿದೆ, ಅಂದರೆ ನಿರ್ವಾತ ಕೆಟ್ಟು ಒಳಗೆ ಅನಿಲ ಸೇರಿದೆ. ಗಾಜಿನ ಮೇಲಿರುವ ಬೆಳ್ಳಿ ಬಣ್ಣದ ಲೇಪ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದನ್ನು ಇನ್ನು ಸಾಕೆಟ್ಟಿಗೆ ಹಾಕಬೇಡಿ.

ಹೊಸದಾಗಿ ಕಟ್ಟಿದ ಆಂಪ್ ಆದರೆ 60 ಅಥವಾ 100 ವ್ಯಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬನ್ನು ಮೇನ್ಸ್‌ಗೆ ಸೀರೀಸ್‌ನಲ್ಲಿ ಕಟ್ಟಿಯೇ ಮೊದಲ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಪ್ಲೇಟ್ ಕೆಂಪಾಗುವ ತೊಂದರೆಯನ್ನು ಈ ಬಲ್ಬ್ ಹಿಡಿಯುವುದಿಲ್ಲ, ಟ್ರಾನ್ಸ್‌ಫಾರ್ಮರನ್ನು ಮಾತ್ರ ಉಳಿಸುತ್ತದೆ. ಸ್ಪೀಕರ್ ಅಥವಾ 8 ಓಮ್ 25 ವ್ಯಾಟಿನ ಲೋಡ್ ಜೋಡಿಸದೆ ವಾಲ್ವ್ ಆಂಪ್ ಹಚ್ಚಲೇಬಾರದು.

ಶಾಕ್ ವಿಷಯ. ಇಲ್ಲಿ 350ರಿಂದ 450 ವೋಲ್ಟ್ ಡಿಸಿ ಇರುತ್ತದೆ, ಮೇನ್ಸ್ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ. 22 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನ ಎರಡೂ ತುದಿಗೆ ಇನ್ಸುಲೇಟ್ ಆದ ಕ್ಲಿಪ್ ಕಟ್ಟಿ, ಚಾಸಿಗೂ (ಆಂಪ್‌ನ ಲೋಹದ ಚೌಕಟ್ಟು) ಕೆಪಾಸಿಟರ್‌ನ ಪ್ಲಸ್‌ಗೂ ಹಚ್ಚಿ ಐದಾರು ಸೆಕೆಂಡ್ ಬಿಡಿ. ಆಮೇಲೆ ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂತೇ ನೋಡಿ, ನೋಡಿದ ಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಚಟ್ ಅನ್ನಿಸುವ ಅಭ್ಯಾಸ ಬೇಡ, ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ.

ಈಗ ಪ್ರೋಬ್. ಕೊಂಡ ತಕ್ಷಣ ಪರೀಕ್ಷಿಸಬೇಕಾದ್ದು ಅದರೊಳಗಿನ 1 ಓಮ್ ನಿಜಕ್ಕೂ 1 ಓಮ್ ಹೌದೇ ಎಂಬುದನ್ನು. ಮಲ್ಟಿಮೀಟರ್‌ನ ಓಮ್ ರೇಂಜಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ಮೀಟರ್ ವೈರ್‌ಗಳೇ ಕಾಲು ಓಮ್ ತೋರಿಸುತ್ತವೆ. 5 ವೋಲ್ಟ್ ಡಿಸಿ ಸಪ್ಲೈ, 47 ಓಮ್ 2 ವ್ಯಾಟ್ ರೆಸಿಸ್ಟರ್, ಮಿಲಿಆಂಪ್ ರೇಂಜಿನಲ್ಲಿ ಒಂದು ಮೀಟರ್, ಇವನ್ನು ಪ್ರೋಬ್‌ನ 8ನೇ ಪಿನ್ ಮೂಲಕ ಒಂದೇ ಸಾಲಿನಲ್ಲಿ ಕಟ್ಟಿ. ಸುಮಾರು 100 ಮಿಲಿಆಂಪ್ ಹರಿಯುತ್ತದೆ. ಪ್ರೋಬ್‌ನ ವೈರ್‌ಗಳಿಗೆ ಎರಡನೆಯ ಮೀಟರ್ ಹಚ್ಚಿ 200 ಮಿಲಿವೋಲ್ಟ್ ರೇಂಜಿಗೆ ತಿರುಗಿಸಿ. ಒಂದರಲ್ಲಿ 100 ಮಿಲಿಆಂಪ್ ಇದ್ದಾಗ ಇನ್ನೊಂದರಲ್ಲಿ 99ರಿಂದ 101 ಮಿಲಿವೋಲ್ಟ್ ಬಂದರೆ ಪ್ರೋಬ್ ಒಳ್ಳೆಯದು. 105 ಬಂದರೆ ಎಸೆಯಬೇಕಿಲ್ಲ, ಅದರ ಮೈ ಮೇಲೆ ಮಾರ್ಕರ್‌ನಿಂದ ಬರೆದಿಡಿ. ಎರಡು ಪ್ರೋಬ್‌ಗಳ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ಮಾತ್ರ ಕಷ್ಟ, ಆಗ ಅದೇ ವ್ಯತ್ಯಾಸವನ್ನು ವಾಲ್ವ್‌ಗಳ ತಲೆಗೆ ಕಟ್ಟುತ್ತೀರಿ.

ಒಳಗೆ ರೆಸಿಸ್ಟರೇ ಇಲ್ಲದ, ಮೀಟರನ್ನು ಮಿಲಿಆಂಪ್ ರೇಂಜಿನಲ್ಲೇ ಇಡಬೇಕಾದ ಪ್ರೋಬ್‌ಗಳೂ ಮಾರುಕಟ್ಟೆಯಲ್ಲಿವೆ. ಅಂಥದ್ದು ಬೇಡ. ಮೀಟರ್‌ನ ಫ್ಯೂಸ್ ಹೋದರೆ, ಪ್ಲಗ್ ಸಡಿಲವಾದರೆ, ಆಂಪ್ ಹಚ್ಚಿರುವಾಗಲೇ ಕ್ಯಾಥೋಡ್ ಕಿತ್ತುಹೋಗುತ್ತದೆ.

ನಮಗೆ ಈ ಪ್ರೋಬ್‌ನಲ್ಲಿ ಒಪ್ಪಿಗೆಯಾಗದ ಭಾಗ ಆ ಕೆಂಪು ವೈರ್. ಮೀಟರ್ ಬಳಿ ಬರುವ ಹೊತ್ತಿಗೆ ಅದರಲ್ಲಿ ಪೂರ್ತಿ ಪ್ಲೇಟ್ ವೋಲ್ಟೇಜ್ ಇರುತ್ತದೆ, ತುದಿಯಲ್ಲಿ ಮಾತ್ರ ಹೊದಿಕೆಯಿಲ್ಲದ ಸಾದಾ ಬನಾನಾ ಪ್ಲಗ್. ಮೀಟರ್‌ನಿಂದ ಪ್ಲಗ್ ಜಾರಿ ಮೇಜಿನ ಮೇಲೆ ಬಿದ್ದರೆ 370 ವೋಲ್ಟ್ ಬರಿಮೈಯಲ್ಲಿ ಬಿದ್ದಿರುತ್ತದೆ. ಪೂರ್ತಿ ಮುಚ್ಚಿದ ಪ್ಲಗ್ ಮತ್ತು 600 ವೋಲ್ಟಿಗಿಂತ ಹೆಚ್ಚಿನ ರೇಟಿಂಗ್ ಇರುವ ವೈರ್ ಕಾಣದಿದ್ದರೆ ಆ ಕೆಂಪು ವೈರನ್ನು ಪ್ರೋಬ್ ಒಳಗೇ ಕತ್ತರಿಸಿ, ತುದಿಗೆ ಹೀಟ್‌ಶ್ರಿಂಕ್ ತೊಡಿಸಿಬಿಡಿ. ಪ್ಲೇಟ್ ವೋಲ್ಟೇಜನ್ನು ಸಾಕೆಟ್ಟಿನ ಕೆಳಗಿನಿಂದ ಕ್ಲಿಪ್ ಹಚ್ಚಿ ಅಳೆಯಬಹುದು: ಆಂಪ್ ಆರಿಸಿ, ಕೆಪಾಸಿಟರ್ ಖಾಲಿ ಮಾಡಿ, ಕ್ಲಿಪ್ ಸಿಕ್ಕಿಸಿ, ಕೈ ತೆಗೆದು, ಆಮೇಲೆ ಆಂಪ್ ಹಚ್ಚಿ.

ಆ ವೈರ್ ತೆಗೆದರೆ ಇನ್ನೊಂದು ಲಾಭವೂ ಇದೆ. ಪ್ಲೇಟಿಗೆ ಅಷ್ಟುದ್ದದ ವೈರ್ ಜೋತುಬಿದ್ದು, ಅದು ಇನ್‌ಪುಟ್ ಜ್ಯಾಕ್ ಕಡೆ ಹಾದುಹೋದರೆ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಂಪ್ ಆಸಿಲೇಟ್ ಆಗತೊಡಗಬಹುದು, ಅಂದರೆ ತಾನೇ ಸಿಗ್ನಲ್ ಹುಟ್ಟಿಸತೊಡಗಬಹುದು. ಆಗ ಪ್ರೋಬ್ ತೋರಿಸುವ ಹೆಚ್ಚಿನ ಕರೆಂಟನ್ನು ಪ್ರೋಬೇ ಹುಟ್ಟಿಸಿರುತ್ತದೆ. ಅನುಮಾನ ಬಂದರೆ ವೈರ್‌ಗಳನ್ನು ಬೇರೆ ಕಡೆಗೆ ಸರಿಸಿ ನೋಡಿ. ರೀಡಿಂಗ್ ಜಿಗಿದರೆ ಅದು ಆಸಿಲೇಶನ್ನೇ. ಆಸಿಲೋಸ್ಕೋಪ್ ಇದ್ದವರು ಸ್ಪೀಕರ್ ತುದಿಯಲ್ಲಿ ನೇರವಾಗಿ ನೋಡಬಹುದು.

ಎತ್ತರವೂ ಒಂದು ತೊಡಕು. 5ಇ3ಯ ಟ್ವೀಡ್ (ಬಟ್ಟೆ ಹೊದಿಸಿದ) ಮಾದರಿಯ ಪೆಟ್ಟಿಗೆಯಲ್ಲಿ ವಾಲ್ವ್‌ಗಳು ತಲೆಕೆಳಗಾಗಿ ತೂಗುತ್ತವೆ. ಪ್ರೋಬ್ ಸೇರಿದರೆ ವಾಲ್ವ್ ಹಿಡಿಯುವ ಕ್ಲಿಪ್ ಮುಟ್ಟುವುದಿಲ್ಲ, ಬಿಸಿ ವಾಲ್ವ್ ಜಾರಿ ಸ್ಪೀಕರ್ ಮೇಲೆ ಬೀಳುತ್ತದೆ. ಚಾಸಿ ಹೊರತೆಗೆದು, ಎರಡು ಮರದ ತುಂಡುಗಳ ಮೇಲೆ ಮಲಗಿಸಿಯೇ ಅಳೆಯಬೇಕು.

ಇನ್ನು ಅಳತೆ. ಗಿಟಾರ್ ಚುಚ್ಚದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಹತ್ತು ನಿಮಿಷ ಕಾಯಲು ಬಿಡಿ. ಒಂದು ಪ್ರೋಬ್‌ನಲ್ಲಿ 44, ಇನ್ನೊಂದರಲ್ಲಿ 48 ಮಿಲಿವೋಲ್ಟ್ ಬಂತು ಅಂದುಕೊಳ್ಳಿ. ಕ್ಯಾಥೋಡ್ ರೆಸಿಸ್ಟರ್ ಮೇಲೆ ನೆಲಕ್ಕೆ 23 ವೋಲ್ಟ್, ಪ್ಲೇಟಿನಿಂದ ನೆಲಕ್ಕೆ 372 ವೋಲ್ಟ್. ಮೊದಲು ತಾಳೆ ನೋಡಿ: 44ಕ್ಕೆ 48 ಕೂಡಿದರೆ 92 ಮಿಲಿಆಂಪ್, ಅದನ್ನು 250 ಓಮ್‌ನಿಂದ ಗುಣಿಸಿದರೆ 23 ವೋಲ್ಟ್. ಹೊಂದಿತು. ಹೊಂದದಿದ್ದರೆ ರೆಸಿಸ್ಟರ್ 250 ಓಮ್ ಅಲ್ಲ, ಇಲ್ಲವೇ ಪ್ರೋಬ್ ಸುಳ್ಳು ಹೇಳುತ್ತಿದೆ. ಈ ಒಂದು ಗುಣಾಕಾರವನ್ನು ಹೆಚ್ಚಿನವರು ಮಾಡುವುದಿಲ್ಲ. ಅರ್ಧ ಗೊಂದಲ ಇಲ್ಲೇ ತೀರುತ್ತದೆ.

ವಾಲ್ವ್ ಕಾಣುವ ವೋಲ್ಟೇಜ್ 372 ಅಲ್ಲ, ಕ್ಯಾಥೋಡಿನ 23 ಕಳೆದು 349. ಕ್ಯಾಥೋಡ್ ಕರೆಂಟಿನಲ್ಲಿ, ಗ್ರಿಡ್‌ಗೂ ಪ್ಲೇಟಿಗೂ ನಡುವೆ ಇರುವ ಎರಡನೆಯ ಸುರುಳಿ ತಂತಿಯಾದ ಸ್ಕ್ರೀನ್ ಗ್ರಿಡ್‌ನ ಪಾಲೂ ಸೇರಿದೆ. 6ವಿ6ಗೆ ಎರಡರಿಂದ ನಾಲ್ಕು ಮಿಲಿಆಂಪ್ ಹಿಡಿಯಬಹುದು. ಮೂರು ಕಳೆದರೆ ಪ್ಲೇಟಿಗೆ 41 ಮತ್ತು 45. ಗುಣಿಸಿದರೆ 14.3 ವ್ಯಾಟ್ ಮತ್ತು 15.7 ವ್ಯಾಟ್. 6ವಿ6ಜಿಟಿಯ ಹಳೆಯ ಡೇಟಾಶೀಟ್ ಮಿತಿ 12 ವ್ಯಾಟ್, ನಂತರದ ಲೆಕ್ಕದಲ್ಲಿ 14. ಎರಡೂ ವಾಲ್ವ್ ಗೆರೆ ದಾಟಿವೆ, ಕತ್ತಲಲ್ಲಿ ಕೆಂಪು ಕಾಣುವುದು ಸಹಜ.

ಎರಡೂ ಸಮನಾಗಿ ಹೆಚ್ಚಿದ್ದರೆ ತಪ್ಪು ವಾಲ್ವ್‌ನದಲ್ಲ, ಎರಡಕ್ಕೂ ಸಾಮಾನ್ಯವಾದ ಯಾವುದೋ ಒಂದರದು. ನಮ್ಮಲ್ಲಿ ಮೊದಲು ನೋಡಬೇಕಾದ್ದು ಮೇನ್ಸ್. ಮನೆಯ ಲೈನ್ 240 ವೋಲ್ಟ್ ಇದ್ದು, ಪವರ್ ಟ್ರಾನ್ಸ್‌ಫಾರ್ಮರ್‌ನ 220 ವೋಲ್ಟಿನ ವೈರಿಗೆ ಜೋಡಿಸಿದ್ದರೆ ಒಳಗಿನ ಎಲ್ಲ ವೋಲ್ಟೇಜೂ ಶೇಕಡಾ ಒಂಬತ್ತು ಏರುತ್ತದೆ. 330 ಇರಬೇಕಾದ ಸೆಕೆಂಡರಿ 360 ಆಗುತ್ತದೆ, 6.3ರ ಹೀಟರ್ 6.9ರ ಹತ್ತಿರ ಹೋಗುತ್ತದೆ. ಹೀಟರಿಗೆ ಒಪ್ಪುವ ಶೇಕಡಾ ಹತ್ತರ ಅಂಚು ಅದು. ಹಾಗಾಗಿ ಹೀಟರ್ ಪಿನ್ 2 ಮತ್ತು 7ರ ನಡುವೆ ಎಸಿ ಅಳೆದರೆ ಸಾಕು, ಮೇನ್ಸ್ ವೈರಿಂಗ್‌ನ ತಪ್ಪು ಎರಡೇ ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ. 240 ವೋಲ್ಟಿನ ತುದಿ ಇರುವ ಟ್ರಾನ್ಸ್‌ಫಾರ್ಮರನ್ನೇ ಕೇಳಿ ತರಿಸಿ.

ಎರಡನೆಯದು ರೆಕ್ಟಿಫೈಯರ್. ಈ ಕರೆಂಟಿನಲ್ಲಿ 5ವೈ3 ತನ್ನಲ್ಲೇ 50 ವೋಲ್ಟ್ ಆಸುಪಾಸು ನುಂಗುತ್ತದೆ. ಅದರ ಜಾಗಕ್ಕೆ ಸಲೀಸಾಗಿ ಕೂರುವ ಜಿಝಡ್34 ನುಂಗುವುದು 20ಕ್ಕಿಂತ ಕಡಿಮೆ. ಸಿಗಲಿಲ್ಲವೆಂದು ಅದನ್ನು ಹಾಕಿದರೆ ಪ್ಲೇಟ್ ವೋಲ್ಟೇಜ್ 30 ವೋಲ್ಟ್ ಮೇಲೇರುತ್ತದೆ. ಡಯೋಡ್ ಹಾಕಿದರೆ ಇನ್ನೂ ಹೆಚ್ಚು.

ಮೂರನೆಯದು ಕ್ಯಾಥೋಡ್ ಕೆಪಾಸಿಟರ್. ಹಳೆಯ ನಕ್ಷೆಯಲ್ಲಿ 25 ವೋಲ್ಟ್ ಎಂದಿದೆ, ಅದನ್ನೇ ನಂಬಿ 23 ವೋಲ್ಟ್ ಇರುವಲ್ಲಿ 25 ವೋಲ್ಟಿನದನ್ನು, ಅದೂ ಬಿಸಿ ರೆಸಿಸ್ಟರಿಗೆ ತಾಗಿಸಿ ಕೂರಿಸುತ್ತಾರೆ. ಅದು ಕೆಟ್ಟು ಶಾರ್ಟ್ ಆದರೆ ಕ್ಯಾಥೋಡ್ ಸೊನ್ನೆ ವೋಲ್ಟಿಗೆ ಇಳಿದು ಎರಡೂ ವಾಲ್ವ್ ಕೆಂಡವಾಗುತ್ತವೆ. 50 ಅಥವಾ 63 ವೋಲ್ಟಿನದು ಹಾಕಿ. ರೆಸಿಸ್ಟರ್ ಎರಡು ವ್ಯಾಟಿಗಿಂತ ಹೆಚ್ಚು ಶಾಖ ಉಗುಳುತ್ತಿರುತ್ತದೆ. ಬೋರ್ಡಿನಿಂದ ಕಾಲು ಇಂಚು ಮೇಲೆತ್ತಿ ಬೆಸುಗೆ ಹಾಕಿ.

ಇವೆಲ್ಲ ಸರಿಯಿದ್ದೂ ವ್ಯಾಟ್ ಹೆಚ್ಚಿದ್ದರೆ 250 ಓಮ್ ತೆಗೆದು 300 ಅಥವಾ 330 ಓಮ್ ಹಾಕಿ, ಎಲ್ಲ ಅಳತೆಯನ್ನೂ ಮತ್ತೆ ಮಾಡಿ. ರೆಸಿಸ್ಟರ್ ಏರಿದಷ್ಟೇ ಪ್ರಮಾಣದಲ್ಲಿ ಕರೆಂಟ್ ಇಳಿಯುವುದಿಲ್ಲ. ಹೊರೆ ಇಳಿದಂತೆ ರೆಕ್ಟಿಫೈಯರ್ ನುಂಗುವುದು ಕಡಿಮೆಯಾಗಿ ಪ್ಲೇಟ್ ವೋಲ್ಟೇಜ್ ಒಂದಿಷ್ಟು ಏರುತ್ತದೆ.

ಪ್ರೋಬ್ ತನ್ನ ಬೆಲೆ ತೀರಿಸುವುದು ಒಂದೇ ವಾಲ್ವ್ ಕೆಂಪಾದಾಗ. ಹಂಚಿಕೊಂಡ ಕ್ಯಾಥೋಡ್ ರೆಸಿಸ್ಟರ್‌ನಿಂದ ಒಟ್ಟು ಮೊತ್ತವಷ್ಟೇ ತಿಳಿಯುತ್ತದೆ. 46 ಮತ್ತು 46 ಇರಲಿ, 30 ಮತ್ತು 62 ಇರಲಿ, ಅಲ್ಲಿ ಅದೇ 23 ವೋಲ್ಟ್. ಪ್ರೋಬ್‌ನಲ್ಲಿ 30 ಮತ್ತು 62 ಬಂತೆಂದರೆ ಆಂಪ್ ಆರಿಸಿ, ಆರಲು ಬಿಟ್ಟು, ಎರಡು ವಾಲ್ವ್ ಅದಲುಬದಲು ಮಾಡಿ, ಪ್ರೋಬ್‌ಗಳನ್ನು ಇದ್ದಲ್ಲೇ ಬಿಡಿ. 62 ವಾಲ್ವ್ ಜೊತೆ ಹೋದರೆ ವಾಲ್ವ್ ತಪ್ಪು. ಸಾಕೆಟ್ಟಿನಲ್ಲೇ ಉಳಿದರೆ ಸರ್ಕ್ಯೂಟ್ ತಪ್ಪು, ಹೊಸ ವಾಲ್ವ್ ತಂದರೆ ಅದೂ ಸುಡುತ್ತದೆ. ನಾಲ್ಕೈದು ಮಿಲಿಆಂಪ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹತ್ತು ದಾಟಿದರೆ ಹುಡುಕಲೇಬೇಕು.

ಹುಡುಕುವ ಜಾಗ 5ನೇ ಪಿನ್. ಆಂಪ್ ಆರಿಸಿ, ಕೆಪಾಸಿಟರ್‌ಗಳನ್ನು ಖಾಲಿ ಮಾಡಿ, 5ನೇ ಪಿನ್ನಿನಿಂದ ನೆಲಕ್ಕೆ ಓಮ್ ನೋಡಿ: 220 ಕಿಲೋಓಮ್ ಬರಬೇಕು. ಏನೂ ಬರದಿದ್ದರೆ ಗ್ರಿಡ್ ಲೀಕ್ ರೆಸಿಸ್ಟರ್ ಬಿಟ್ಟುಹೋಗಿದೆ ಅಥವಾ ಬೆಸುಗೆ ಹಿಡಿದಿಲ್ಲ. ಗ್ರಿಡ್ ತೇಲುತ್ತಿದ್ದರೆ ವಾಲ್ವ್‌ಗೆ ಕಡಿವಾಣವೇ ಇಲ್ಲ. 220 ಬಂದರೆ ಮುಂದಿನ ಅನುಮಾನ, ಹಿಂದಿನ ವಾಲ್ವ್‌ನ ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡುವ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್. ಎರಡೂ 6ವಿ6 ಕಿತ್ತು ಆಂಪ್ ಹಚ್ಚಿ, 5ನೇ ಪಿನ್ನಿನಲ್ಲಿ ಡಿಸಿ ನೋಡಿ. ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪ್ಲಸ್ ಕಂಡರೂ 220 ಕಿಲೋಓಮ್ ಮೂಲಕ ಎರಡು ಮೈಕ್ರೋಆಂಪ್‌ಗಿಂತ ಹೆಚ್ಚು ಸೋರುತ್ತಿದೆ ಎಂದರ್ಥ, ಕೆಪಾಸಿಟರ್ ಬದಲಿಸಿ. ವಾಲ್ವ್ ಇಟ್ಟುಕೊಂಡೇ ಈ ಪರೀಕ್ಷೆ ಮಾಡಿದರೆ ಮೋಸಹೋಗುತ್ತೀರಿ. ಗ್ಯಾಸ್ ಆದ ವಾಲ್ವ್ ಕೂಡ ತನ್ನ ಗ್ರಿಡ್‌ನಿಂದ ಪ್ಲಸ್ ವೋಲ್ಟೇಜ್ ಹುಟ್ಟಿಸುತ್ತದೆ. ವಾಲ್ವ್ ಇದ್ದಾಗ ಪ್ಲಸ್, ಕಿತ್ತಾಗ ಸೊನ್ನೆ ಎಂದಾದರೆ ವಾಲ್ವ್ ಕೆಟ್ಟಿದೆ. ಎರಡೂ ಸಲ ಪ್ಲಸ್ ಎಂದಾದರೆ ಕೆಪಾಸಿಟರ್.

ಎಚ್ಚರಿಕೆ ಒಂದಿದೆ. ಪವರ್ ವಾಲ್ವ್ ಕಿತ್ತಾಗ ಹೊರೆಯಿಲ್ಲದೆ ಬಿ ಪ್ಲಸ್ (ಆಂಪ್‌ನ ಮುಖ್ಯ ಡಿಸಿ ವೋಲ್ಟೇಜ್) 460 ವೋಲ್ಟ್ ದಾಟಬಹುದು. ಫಿಲ್ಟರ್ ಕೆಪಾಸಿಟರ್‌ಗಳು 450 ವೋಲ್ಟಿನವಾದರೆ ಪರೀಕ್ಷೆಯನ್ನು ಅರ್ಧ ನಿಮಿಷದಲ್ಲಿ ಮುಗಿಸಲು ನೋಡಬೇಡಿ, ಮಾಡಲೇಬೇಡಿ. 500 ವೋಲ್ಟಿನವನ್ನು ಮೊದಲು ಹಾಕಿ.

ಗ್ಯಾಸ್ ಆದ ವಾಲ್ವನ್ನು ಹಿಡಿಯುವುದರಲ್ಲಿ ಪ್ರೋಬ್ ನಿಜಕ್ಕೂ ಒಳ್ಳೆಯದು. ಹಚ್ಚಿದಾಗ 40 ತೋರಿಸಿ, ಹತ್ತು ನಿಮಿಷಕ್ಕೆ 46, ಹದಿನೈದಕ್ಕೆ 53, ಎಲ್ಲೂ ನಿಲ್ಲದೆ ಏರುತ್ತಲೇ ಹೋದರೆ ಅದೇ ಲಕ್ಷಣ. ಒಳ್ಳೆಯ ವಾಲ್ವ್ ಐದಾರು ನಿಮಿಷದಲ್ಲಿ ನೆಲೆ ನಿಲ್ಲುತ್ತದೆ. ಕಣ್ಣಿಗೆ ಕೆಂಪು ಕಾಣುವ ಮುಂಚೆಯೇ ಈ ಏರಿಕೆ ಸಿಗುತ್ತದೆ.

ಅದು ದಾರಿ ತಪ್ಪಿಸುವ ಜಾಗವೂ ಒಂದಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ಒಂದು ಅರ್ಧ ಕಡಿದುಹೋದರೆ ಆ ಕಡೆಯ ಪ್ಲೇಟಿಗೆ ವೋಲ್ಟೇಜೇ ಇರುವುದಿಲ್ಲ, ಇದ್ದ ಕರೆಂಟೆಲ್ಲ ಸ್ಕ್ರೀನ್ ಗ್ರಿಡ್‌ಗೆ ನುಗ್ಗುತ್ತದೆ. ಪ್ರೋಬ್‌ನಲ್ಲಿ 20 ಕಾಣಬಹುದು, ಈ ವಾಲ್ವ್ ಆರಾಮಾಗಿದೆ ಅನ್ನಿಸಬಹುದು. ಒಳಗೆ ಪ್ಲೇಟಿನ ಸಂದಿಯಲ್ಲಿ ಸುರುಳಿ ತಂತಿ ಕೆಂಪಾಗಿ ಕರಗುವ ಹಾದಿಯಲ್ಲಿರುತ್ತದೆ. ಆದ್ದರಿಂದ ಎರಡೂ ಸಾಕೆಟ್ಟಿನ 3ನೇ ಪಿನ್ನಿನಲ್ಲಿ ವೋಲ್ಟೇಜ್ ಸರಿಸಮ ಇದೆಯೇ ಎಂದು ನೋಡದೆ ಪ್ರೋಬ್‌ನ ಅಂಕಿ ಓದಬೇಡಿ. ಮೂಲ 5ಇ3ಯಲ್ಲಿ ಸ್ಕ್ರೀನ್‌ಗೆ ಬೇರೆ ಬೇರೆ ರೆಸಿಸ್ಟರ್ ಇಲ್ಲ. ಪ್ರತಿ 4ನೇ ಪಿನ್ನಿಗೆ 470 ಓಮ್ 1 ವ್ಯಾಟ್, ಪ್ರತಿ 5ನೇ ಪಿನ್ನಿಗೆ 1.5 ಕಿಲೋಓಮ್ ಸೇರಿಸಿದರೆ ಸ್ಕ್ರೀನ್‌ಗೂ ರಕ್ಷಣೆ, ಆಸಿಲೇಶನ್‌ಗೂ ತಡೆ.

ಗ್ರಿಡ್‌ಗೆ ಪ್ರತ್ಯೇಕವಾಗಿ ಮೈನಸ್ ವೋಲ್ಟೇಜ್ ಕೊಡುವ ಫಿಕ್ಸೆಡ್ ಬಯಾಸ್ ಆಂಪ್ ಕಟ್ಟಿದವರಿಗೆ ಪ್ರೋಬ್ ದಿನಬಳಕೆಯ ಸಾಮಾನು, ಅಲ್ಲಿ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇವೆ. ಪ್ಲೇಟ್ ಮಿತಿಯ ಶೇಕಡಾ 70ರ ಒಳಗೆ ಇಡುವುದು ರೂಢಿ: 400 ವೋಲ್ಟಿನಲ್ಲಿ 14 ವ್ಯಾಟಿನ 6ವಿ6ಗೆ ಸುಮಾರು 24 ಮಿಲಿಆಂಪ್. ವಾಲ್ವ್ ಹಾಕುವ ಮುಂಚೆಯೇ 5ನೇ ಪಿನ್ನಿನಲ್ಲಿ ಮೈನಸ್ ವೋಲ್ಟೇಜ್ ಬಂದಿದೆಯೇ ನೋಡಿ. ಬಯಾಸ್ ಡಯೋಡ್ ತಿರುಗಿ ಕೂತಿದ್ದರೆ, ಬಯಾಸ್ ಕೆಪಾಸಿಟರ್‌ನ ಪ್ಲಸ್ ನೆಲಕ್ಕೆ ಹೋಗಬೇಕಾದ್ದು ಮರೆತಿದ್ದರೆ, ಪ್ರೋಬ್ ಅಂಕಿ ತೋರಿಸುವ ಹೊತ್ತಿಗೆ ವಾಲ್ವ್ ಮುಗಿದಿರುತ್ತದೆ.

ಒಂದೇ ಆಂಪ್ ಇರುವವರಿಗೆ ಕಾಸಿಲ್ಲದ ದಾರಿಯೂ ಇದೆ. ಆಂಪ್ ಆರಿಸಿ, ಖಾಲಿ ಮಾಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಮಧ್ಯದ ತುದಿಯಿಂದ ಎರಡೂ ಪ್ಲೇಟಿನವರೆಗೆ ಓಮ್ ಅಳೆದು ಬರೆದಿಡಿ. ಒಂದು ಕಡೆ 150, ಇನ್ನೊಂದು ಕಡೆ 165 ಬಂದರೆ ಗಾಬರಿ ಬೇಡ, ಸುತ್ತಿನ ಉದ್ದ ಬೇರೆ ಇರುತ್ತದೆ. ಕ್ಲಿಪ್ ಹಚ್ಚಿ ಆಂಪ್ ಹಚ್ಚಿದಾಗ ಅದೇ ಎರಡು ತುದಿಗಳ ನಡುವೆ 6 ವೋಲ್ಟ್ ಬಿದ್ದರೆ, 150ರಿಂದ ಭಾಗಿಸಿ: 40 ಮಿಲಿಆಂಪ್. ಇದರಲ್ಲಿ ಸ್ಕ್ರೀನ್ ಪಾಲು ಸೇರಿಲ್ಲ, ಲೆಕ್ಕ ಪ್ರೋಬ್‌ಗಿಂತ ನೇರ. ಆದರೆ ಮೀಟರ್‌ನ ಎರಡೂ ವೈರ್ ಪೂರ್ತಿ ವೋಲ್ಟೇಜಿನಲ್ಲಿ ತೂಗುತ್ತಿರುತ್ತವೆ. ಹೊಸಬರಿಗೆ ಪ್ರೋಬೇ ಕ್ಷೇಮ.

ಪ್ರೋಬನ್ನು ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. ಸತ್ತ ವಾಲ್ವ್‌ನ ಬೇಸ್, ಒಂದು ಆಕ್ಟಲ್ ಸಾಕೆಟ್, 1 ಓಮ್ 1 ಪರ್ಸೆಂಟ್ 1 ವ್ಯಾಟ್ ರೆಸಿಸ್ಟರ್. ಎಂಟು ಪಿನ್ನಿನ ರಿಲೇ ಸಾಕೆಟ್ ಕೂಡ ಇದೇ ಆಕ್ಟಲ್ ಅಳತೆ, ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕೇಳಿದರೆ ಕೊಡುತ್ತಾರೆ. ಆದರೆ ಅದರ ಮೈ ಮೇಲೆ ಬರೆದಿರುವ ವೋಲ್ಟೇಜ್ ಓದಿಕೊಳ್ಳಿ. 250 ಎಂದಿದ್ದರೆ 3ನೇ ಪಿನ್ನಿಗೆ ಅದು ಸಾಲದು, ಸೆರಾಮಿಕ್ ವಾಲ್ವ್ ಸಾಕೆಟ್ಟೇ ಬೇಕು.

ಬೆಂಗಳೂರಿನ ಬಿಇಎಲ್ ಹಿಂದೆ ತಯಾರಿಸುತ್ತಿದ್ದ ಇಎಲ್84 ವಾಲ್ವ್ ಕೂಡಿಟ್ಟುಕೊಂಡು ಅದರಿಂದ ಆಂಪ್ ಕಟ್ಟುತ್ತಿರುವವರು ಈ ಜೋಡಿಯನ್ನು ಕೊಳ್ಳಬೇಡಿ. ಅದು ಒಂಬತ್ತು ಪಿನ್ನಿನ ನೋವಲ್ ಬೇಸ್, ಕ್ಯಾಥೋಡ್ 3ನೇ ಪಿನ್, ಪ್ಲೇಟ್ 7ನೇ ಪಿನ್, ಮಿತಿ 12 ವ್ಯಾಟ್. ನೋವಲ್ ಪ್ರೋಬ್ ಬೇರೆಯೇ ಸಿಗುತ್ತದೆ.